ಒಂದು ನಿಮಿಷದ ಲಿಫ್ಟಿಗೆ ವರ್ಷವಿಡೀ ಕಾಯುವುದು

ಪವರ್‌ಲಿಫ್ಟಿಂಗ್‌ನಲ್ಲಿ ಇರುವುದು ಮೂರೇ ಲಿಫ್ಟು. ಮೊದಲು ಸ್ಕ್ವಾಟ್, ಅಂದರೆ ತೂಕದ ಬಾರನ್ನು ಭುಜದ ಮೇಲೆ ಹೊತ್ತು ಕುಕ್ಕರಿಸಿ ಏಳುವುದು. ಆಮೇಲೆ ಬೆಂಚ್ ಪ್ರೆಸ್, ಬೆಂಚಿನ ಮೇಲೆ ಮಲಗಿ ಬಾರನ್ನು ಎದೆಗಿಳಿಸಿ ಮೇಲೆತ್ತುವುದು. ಕೊನೆಗೆ ಡೆಡ್‌ಲಿಫ್ಟ್, ನೆಲದ ಮೇಲಿನ ಬಾರನ್ನು ಎತ್ತಿ ನೆಟ್ಟಗೆ ನಿಲ್ಲುವುದು. ಒಂದೊಂದಕ್ಕೂ ಮೂರು ಅವಕಾಶ. ಒಂದೊಂದರಲ್ಲೂ ಎತ್ತಿದ ಅತಿ ಹೆಚ್ಚಿನ ತೂಕವನ್ನು ಕೂಡಿಸಿದರೆ ಬರುವುದು ಟೋಟಲ್. ಸೋಲು ಗೆಲುವು ಅದರ ಮೇಲೆ. ಒಂಬತ್ತು ಅಟೆಂಪ್ಟುಗಳನ್ನು ಸೇರಿಸಿದರೂ ಎತ್ತುವ, ಇಳಿಸುವ ಹೊತ್ತು ಒಂದು ನಿಮಿಷದ ಆಸುಪಾಸು. ಆ ಒಂದು ನಿಮಿಷಕ್ಕೆ ತಿಂಗಳುಗಟ್ಟಲೆ ತಯಾರಿ.

"ದಿನಾ ಅದನ್ನೇ ಮಾಡೋಕೆ ಬೇಜಾರಾಗಲ್ವಾ? ಅಷ್ಟು ಹುರುಪು ಎಲ್ಲಿಂದ ತರ್ತೀರಿ?" ಎಂದು ಜಿಮ್‌ಗೆ ಹೊಸದಾಗಿ ಬಂದವರು ಕೇಳುತ್ತಿರುತ್ತಾರೆ. ಈ ಆಟದಲ್ಲಿ ಎತ್ತುವ ಹೊತ್ತಿಗಿಂತ ಕಾಯುವ ಹೊತ್ತೇ ಬಹಳ ಜಾಸ್ತಿ. ಒಂದು ಸೆಟ್ಟಿನಿಂದ ಇನ್ನೊಂದಕ್ಕೆ ಕಾಯಬೇಕು, ಎದೆಯ ಮೇಲೆ ಬಾರ್ ಇಟ್ಟುಕೊಂಡು ರೆಫ್ರಿಯ ಮಾತಿಗೆ ಕಾಯಬೇಕು, ಟೋಟಲ್ ಐದು ಹತ್ತು ಕೆಜಿ ಏರಲು ವರ್ಷ ಕಾಯಬೇಕು. ಕಾಯುವುದರಲ್ಲಿ ಸುಖ ಕಂಡವರು ಇಲ್ಲಿ ಉಳಿಯುತ್ತಾರೆ ಎಂಬುದು ನಾನು ಕಂಡುಕೊಂಡದ್ದು. ನನ್ನ ತರಬೇತಿಯನ್ನೂ ಅದೇ ಲೆಕ್ಕದಲ್ಲಿ ಕಟ್ಟಿಕೊಂಡಿದ್ದೇನೆ.

ವಾರಕ್ಕೆ ನಾಲ್ಕು ದಿನ ಜಿಮ್. ಸ್ಕ್ವಾಟ್ ಎರಡು ದಿನ, ಬೆಂಚ್ ಮೂರು ದಿನ. ಡೆಡ್‌ಲಿಫ್ಟ್ ಒಂದು ದಿನ ಭಾರವಾಗಿ, ಇನ್ನೊಂದು ದಿನ ಹಗುರವಾಗಿ. ಬೆಂಚಿನ ದಣಿವು ನನಗೆ ಬೇಗ ಇಳಿಯುತ್ತದೆ, ಹಾಗಾಗಿ ಹೆಚ್ಚು ಸಲ ಮಾಡುತ್ತೇನೆ. ಭಾರದ ಡೆಡ್‌ಲಿಫ್ಟ್ ಮಾತ್ರ ಬೆನ್ನು, ಸೊಂಟವನ್ನು ದಿನಗಟ್ಟಲೆ ಹಿಡಿದುಕೊಳ್ಳುತ್ತದೆ. ಬಹುಪಾಲು ಕೆಲಸ ನಡೆಯುವುದು ಗರಿಷ್ಠ ತೂಕದ ಶೇ 70ರಿಂದ 85ರ ಒಳಗೆ. ನೋಡುವವರಿಗೆ ಇದು ಸಪ್ಪೆ ಅನಿಸಬಹುದು. ಹಾಡುಗಾರರು ಎಷ್ಟು ಕಛೇರಿ ಮಾಡಿದರೂ ಬೆಳಗಿನ ಸಾಧನೆಗೆ ಸರಳೆ ವರಸೆಗೇ ಮರಳುತ್ತಾರಲ್ಲ, ನನಗೆ ಐದು ರೆಪ್‌ನ ಸೆಟ್ಟುಗಳು, ಅಂದರೆ ಒಂದೇ ಸಮನೆ ಐದು ಸಲ ಎತ್ತುವುದು, ಹಾಗೆ. ಗರಿಷ್ಠ ತೂಕಕ್ಕೆ ಕೈಹಾಕುವುದು ಸ್ಪರ್ಧೆಯ ದಿನ ಮಾತ್ರ.

ತೂಕ ನಿರ್ಧರಿಸಲು ಶೇಕಡಾ ಲೆಕ್ಕದ ಜೊತೆಗೆ ಆರ್‌ಪಿಇ ಬಳಸುತ್ತೇನೆ. ಸೆಟ್ ಎಷ್ಟು ಕಷ್ಟವಾಯಿತು ಎಂದು ನಾವೇ ಹತ್ತರಲ್ಲಿ ಅಂಕ ಕೊಡುವ ಪದ್ಧತಿ ಅದು. 10 ಅಂದರೆ ಇನ್ನೊಂದು ರೆಪ್ ಸಾಧ್ಯವೇ ಇರಲಿಲ್ಲ. 8 ಅಂದರೆ ಇನ್ನೂ ಎರಡು ರೆಪ್ ಉಳಿದಿತ್ತು. ಕೋಚ್ ಹಾಳೆಯಲ್ಲಿ "ಐದು ರೆಪ್, 8" ಎಂದು ಬರೆದಿದ್ದರೆ ಒಳ್ಳೆಯ ದಿನ ಅದು 160 ಕೆಜಿ ಆಗಬಹುದು, ನಿದ್ದೆಗೆಟ್ಟ ದಿನ 150 ಆಗಬಹುದು. ಎರಡೂ ಸರಿಯೇ. ಈ ಅಂಕ ನಂಬುವಂತಾಗಲು ಕಾಲ ಹಿಡಿಯುತ್ತದೆ, ಯಾಕೆಂದರೆ ಉತ್ಸಾಹದಲ್ಲಿರುವವರಿಗೆ 9 ಕೂಡ 8ರಂತೆ ಕಾಣುತ್ತದೆ. ಅದಕ್ಕೇ ಅಂಕ ಬರೆದ ಮೇಲೆ ವಿಡಿಯೊ ನೋಡುತ್ತೇನೆ. ಬಾರ್ ಮೇಲೇಳುವ ವೇಗ ಕೊನೆಯ ರೆಪ್‌ನಲ್ಲಿ ಎಷ್ಟು ಕುಸಿದಿದೆ ಎಂಬುದು ಅಲ್ಲಿ ಕಾಣುತ್ತದೆ.

ಭಾರದ ಸೆಟ್ಟುಗಳ ನಡುವೆ ನಾಲ್ಕೈದು ನಿಮಿಷ ಕೂರುತ್ತೇನೆ. ಸ್ನಾಯು ತಕ್ಷಣದ ಶಕ್ತಿಗೆ ಬಳಸುವ ಫಾಸ್ಫೊಕ್ರಿಯಾಟಿನ್ ಮತ್ತೆ ತುಂಬಿಕೊಳ್ಳಲು ಕೆಲವು ನಿಮಿಷ ಬೇಕೇ ಬೇಕು. ಅವಸರ ಮಾಡಿದರೆ ಮುಂದಿನ ಸೆಟ್ಟಿನಲ್ಲಿ ಬಲಕ್ಕಿಂತ ಮೊದಲು ಉಸಿರು ಸೋಲುತ್ತದೆ. ಆ ಹೊತ್ತಿನಲ್ಲಿ ಮೊಬೈಲ್ ಮುಟ್ಟುವುದಿಲ್ಲ. ಪುಸ್ತಕದಲ್ಲಿ ತೂಕ, ರೆಪ್, ಅಂಕ ಬರೆದು, ಪಕ್ಕದಲ್ಲಿ ಒಂದು ಸಾಲು: "ಎಡ ಪಾದ ಹೊರಳಿತು", "ಉಸಿರು ಚೆನ್ನಾಗಿ ಹಿಡಿದೆ". ಬೇಸರ ಬಂದ ದಿನ ನನ್ನನ್ನು ಜಿಮ್‌ಗೆ ಎಳೆಯುವುದು ಈ ಪುಸ್ತಕವೇ. ಎರಡು ವರ್ಷದ ಹಿಂದೆ ಒಂದೇ ರೆಪ್‌ಗೆ ತಿಣುಕಿದ್ದ ತೂಕವನ್ನು ಈಗ ಐದು ಸಲ ಮಾಡುತ್ತಿದ್ದೇನೆ ಎಂದು ನನ್ನದೇ ಅಕ್ಷರದಲ್ಲಿ ಓದುವುದಿದೆಯಲ್ಲ, ಬೇರೆಯವರ ಯಾವ ಭಾಷಣವೂ ನನ್ನಲ್ಲಿ ಅಷ್ಟು ಉತ್ಸಾಹ ತುಂಬಿಲ್ಲ.

ಕಾಯುವುದನ್ನು ನನಗೆ ನಿಜವಾಗಿ ಕಲಿಸಿದ್ದು ಬೆಂಚ್ ಪ್ರೆಸ್. ಜಿಮ್‌ನಲ್ಲಿ ಹೆಚ್ಚಿನವರು ಬಾರನ್ನು ಎದೆಗೆ ತಾಗಿಸಿ ಅದೇ ವೇಗದಲ್ಲಿ ಮೇಲೆತ್ತುತ್ತಾರೆ. ಸ್ಪರ್ಧೆಯಲ್ಲಿ ಅದು ನಡೆಯುವುದಿಲ್ಲ. ಅಂತರರಾಷ್ಟ್ರೀಯ ಒಕ್ಕೂಟ ಐಪಿಎಫ್‌ನ ನಿಯಮದಲ್ಲಿ ಮೂರು ಆದೇಶಗಳಿವೆ. ಕೈ ನೇರವಾಗಿ ಬಾರ್ ಅಲುಗದೆ ನಿಂತಾಗ "ಸ್ಟಾರ್ಟ್", ಬಾರ್ ಎದೆಗೆ ಬಂದು ಪೂರ್ತಿ ನಿಶ್ಚಲವಾದಾಗ "ಪ್ರೆಸ್", ಮತ್ತೆ ಮೇಲೆತ್ತಿ ಮೊಣಕೈ ಲಾಕ್ ಆದಾಗ "ರ‍್ಯಾಕ್". ತಲೆ, ಭುಜ, ಪೃಷ್ಠ ಬೆಂಚಿನ ಮೇಲೆ, ಪಾದ ಪೂರ್ತಿ ನೆಲದ ಮೇಲೆ. ತೋರುಬೆರಳುಗಳ ನಡುವಿನ ಹಿಡಿತ 81 ಸೆಂ.ಮೀ. ಮೀರುವಂತಿಲ್ಲ. 2023ರಿಂದ ಮೊಣಕೈಯ ಕೆಳಭಾಗ ಭುಜದ ಕೀಲಿನ ಮೇಲ್ಭಾಗದ ಮಟ್ಟಕ್ಕಾದರೂ ಇಳಿಯಬೇಕು ಎಂಬ ನಿಯಮವೂ ಸೇರಿದೆ.

"ಪ್ರೆಸ್" ಎನ್ನುವ ಮಾತು ಯಾವಾಗ ಬರುತ್ತದೆ ಎಂದು ಮೊದಲೇ ಹೇಳಲಾಗದು. ಒಬ್ಬ ರೆಫ್ರಿ ಕೂಡಲೇ ಹೇಳುತ್ತಾರೆ, ಇನ್ನೊಬ್ಬರು ತುಸು ಹೆಚ್ಚು ಹೊತ್ತು ನೋಡುತ್ತಾರೆ. ಹಾಗಾಗಿ ಜೊತೆಗಾರರಿಗೆ ನಾನು ಹೇಳಿಟ್ಟಿರುವುದು, ಒಂದೊಂದು ರೆಪ್‌ಗೂ ಬೇರೆ ಬೇರೆ ಹೊತ್ತು ಕಾಯಿಸಿ, ನನಗೆ ಲೆಕ್ಕ ಸಿಗಬಾರದು ಎಂದು. ಬಾರ್ ಎದೆಯ ಮೇಲಿರುವಾಗ ಬಿಗಿ ಸಡಿಲಬಾರದು. ಭುಜದ ಮೂಳೆಗಳು ಹಿಂದಕ್ಕೆ ಸೇರಿಕೊಂಡೇ ಇರಬೇಕು, ಕಾಲು ನೆಲವನ್ನು ಒತ್ತುತ್ತಲೇ ಇರಬೇಕು, ಉಸಿರು ಒಳಗೇ ಇರಬೇಕು. ಬಾರ್ ಎದೆಯಲ್ಲಿ ಹೂತುಹೋಗುವಷ್ಟು ಮೈ ಬಿಟ್ಟರೆ ಆದೇಶ ಬಂದರೂ ಅದು ಏಳುವುದಿಲ್ಲ. ಇದನ್ನು ಹಗುರ ತೂಕದಲ್ಲಿ, ಮೂರು ಸೆಕೆಂಡ್ ನಿಲ್ಲಿಸಿ ಮಾಡಿದಾಗ ನನ್ನ ಬೆಂಚ್ ಸ್ಥಿರವಾಯಿತು. ಸೆಕೆಂಡುಗಳ ಈ ಮೌನವನ್ನು ಈಗ ನಾನು ಇಷ್ಟಪಡುತ್ತೇನೆ. ಮೈಯ ಪ್ರತಿ ಭಾಗ ಎಲ್ಲಿದೆ ಎಂದು ಅಷ್ಟು ಸ್ಪಷ್ಟವಾಗಿ ಗೊತ್ತಾಗುವ ಹೊತ್ತು ದಿನದಲ್ಲಿ ಬೇರೆ ಸಿಗುವುದಿಲ್ಲ.

ಸ್ಕ್ವಾಟ್‌ನಲ್ಲಿ ಎಲ್ಲರನ್ನೂ ಕಾಡುವುದು ಆಳ. ಸೊಂಟದ ಕೀಲಿನ ಬಳಿ ತೊಡೆಯ ಮೇಲ್ಮೈ ಮಂಡಿಯ ಮೇಲ್ಭಾಗಕ್ಕಿಂತ ಕೆಳಗೆ ಹೋಗಲೇಬೇಕು. ಮಂಡಿಯ ಎತ್ತರದಲ್ಲಿ, ಸರಿಯಾಗಿ ಪಕ್ಕದಿಂದ ಕ್ಯಾಮೆರಾ ಇಟ್ಟು ನೋಡಿ. ಮೇಲಿನಿಂದ ತೆಗೆದರೆ ಆಳವಿದ್ದದ್ದೂ ಇಲ್ಲದಂತೆ ಕಾಣುತ್ತದೆ, ಕೆಳಗಿನಿಂದ ತೆಗೆದರೆ ಇಲ್ಲದ್ದೂ ಇದ್ದಂತೆ. ನನ್ನ ತೊಡೆ ಉದ್ದ, ಮುಂಡ ಗಿಡ್ಡ. ಆಳಕ್ಕೆ ಹೋಗಬೇಕಾದರೆ ಮುಂದಕ್ಕೆ ಬಾಗಲೇಬೇಕು. ಬೆನ್ನು ನೆಟ್ಟಗೆ ಇಟ್ಟುಕೊಂಡು ಇಳಿಯುವವರನ್ನು ನೋಡಿ ಅವರಂತಾಗಲು ಹೊರಡದೆ, ಬಾರನ್ನು ಭುಜದ ಮೇಲೆ ತುಸು ಕೆಳಗಿಟ್ಟು, ಪಾದ ಅಗಲಿಸಿ ನನ್ನ ಮೂಳೆಗೆ ಒಗ್ಗುವ ದಾರಿ ಹಿಡಿದೆ. ಈ ವಿಷಯ ಬಂದಾಗಲೆಲ್ಲ ಅಮೆರಿಕದ ಲಾಮರ್ ಗ್ಯಾಂಟ್ ನೆನಪಾಗುತ್ತಾರೆ. ಬೆನ್ನುಮೂಳೆ ಪಕ್ಕಕ್ಕೆ ಬಾಗುವ ಸ್ಕೋಲಿಯೋಸಿಸ್ ಇದ್ದ ಅವರು 1985ರಲ್ಲಿ ಸುಮಾರು 60 ಕೆಜಿ ದೇಹತೂಕದಲ್ಲಿ 300 ಕೆಜಿ ಡೆಡ್‌ಲಿಫ್ಟ್ ಮಾಡಿದರು. ತಮ್ಮ ತೂಕದ ಐದು ಪಟ್ಟು ಎತ್ತಿದ ಮೊದಲಿಗರು ಅವರು. ನಾವು ಹೇಗಿದ್ದೇವೋ ಹಾಗೆಯೇ ಬಾರ್ ಮುಂದೆ ನಿಲ್ಲಬೇಕು ಎಂಬ ಧೈರ್ಯ ನನಗೆ ಬಂದದ್ದು ಅವರಿಂದ.

ಡೆಡ್‌ಲಿಫ್ಟ್ ಬಗ್ಗೆ ಒಂದೇ ಮಾತು, ಹಿಡಿತ. ಒಂದು ಅಂಗೈ ಮುಂದೆ, ಒಂದು ಹಿಂದೆ ಇಡುವ ಹಿಡಿತದಲ್ಲಿ ಅಂಗೈ ಮುಂದಿರುವ ತೋಳಿನ ಬೈಸೆಪ್ಸ್‌ಗೆ ಅಪಾಯ ಹೆಚ್ಚು. ನಾನು ಹುಕ್ ಗ್ರಿಪ್ ಹಿಡಿಯುತ್ತೇನೆ, ಹೆಬ್ಬೆರಳನ್ನು ಬೆರಳುಗಳ ಕೆಳಗೆ ಸಿಕ್ಕಿಸಿ. ಮೊದಲ ಕೆಲವು ತಿಂಗಳು ಹೆಬ್ಬೆರಳು ಜೀವ ಹಿಂಡುತ್ತದೆ, ಆಮೇಲೆ ಒಗ್ಗುತ್ತದೆ.

ಜಿಮ್‌ನ ಹೊರಗಿನ ಜೀವನ ಸರಳ. ನಿದ್ದೆ ಎಂಟು ಗಂಟೆ, ಅದರಲ್ಲಿ ರಾಜಿ ಇಲ್ಲ. ಪ್ರೊಟೀನ್ ದೇಹತೂಕದ ಪ್ರತಿ ಕೆಜಿಗೆ 1.6ರಿಂದ 2 ಗ್ರಾಂ. ಕ್ರಿಯಾಟಿನ್ ಮಾನೊಹೈಡ್ರೇಟ್ ದಿನಕ್ಕೆ 5 ಗ್ರಾಂ, ಅದು ನಿಷೇಧಿತವಲ್ಲ. ಅದರಾಚೆಗೆ ಡಬ್ಬಿಗಳ ಗೋಜಿಗೆ ಹೋಗುವುದಿಲ್ಲ. ವಿಶ್ವ ಉದ್ದೀಪನ ಮದ್ದು ತಡೆ ಸಂಸ್ಥೆ ವಾಡಾದ ನಿಯಮದಡಿ ಡೋಪಿಂಗ್ ಪರೀಕ್ಷೆ ಇರುವ ಒಕ್ಕೂಟದಲ್ಲೇ ಸ್ಪರ್ಧಿಸುತ್ತೇನೆ. ನನ್ನ ಟೋಟಲ್ ನಿಧಾನವಾಗಿ ಏರಿದರೂ ಅದರ ಒಂದೊಂದು ಕಿಲೋ ನನ್ನದು.

ಮನಸ್ಸಿಲ್ಲದ ದಿನ ಬಂದೇ ಬರುತ್ತದೆ. ಆ ದಿನಕ್ಕೆ ನನ್ನ ನಿಯಮ ಇಷ್ಟೇ: ವಾರ್ಮ್‌ಅಪ್ ಮುಗಿಯುವ ತನಕ ಏನನ್ನೂ ತೀರ್ಮಾನಿಸುವುದಿಲ್ಲ. ಖಾಲಿ ಬಾರ್, ಆಮೇಲೆ 60, ಆಮೇಲೆ 100. ಅಷ್ಟರಲ್ಲಿ ಮೈ ಬಿಸಿಯಾಗಿ ಬಹಳ ಸಲ ಮನಸ್ಸೂ ತಿರುಗುತ್ತದೆ. ತಿರುಗದಿದ್ದರೆ ಶೇ 10 ತೂಕ ಇಳಿಸಿ ಸೆಟ್ಟುಗಳನ್ನು ಮುಗಿಸುತ್ತೇನೆ. ನೋವು ಬೇರೆ ಮಾತು. ಕೀಲಿನಲ್ಲಿ ಚುಚ್ಚುವ ನೋವಿದ್ದರೆ ಆ ಲಿಫ್ಟ್ ಅಂದು ನಿಲ್ಲುತ್ತದೆ, ಮರುದಿನ ಫಿಸಿಯೊ ಬಳಿ ಹೋಗುತ್ತೇನೆ.

ಸ್ಪರ್ಧೆ ಹತ್ತಿರವಾದಂತೆ ರೆಪ್ ಇಳಿಯುತ್ತದೆ, ತೂಕ ಏರುತ್ತದೆ. ಕೊನೆಯ ಭಾರದ ಡೆಡ್‌ಲಿಫ್ಟ್ ಹತ್ತು ಹದಿನಾಲ್ಕು ದಿನ ಮೊದಲು, ಸ್ಕ್ವಾಟ್ ಒಂದು ವಾರಕ್ಕಿಂತ ತುಸು ಮೊದಲು, ಬೆಂಚ್ ಐದಾರು ದಿನ ಮೊದಲು. ಆ ಬಳಿಕ ಹಗುರ ಕೆಲಸ ಅಷ್ಟೇ. ವರ್ಷದ ಅತ್ಯಂತ ಕಷ್ಟದ ವಾರ ಅದು. ಮೈಯಲ್ಲಿ ಶಕ್ತಿ ತುಂಬಿ ತುಳುಕುತ್ತಿರುತ್ತದೆ, ಒಂದು ಸಲ ಪರೀಕ್ಷಿಸಿ ನೋಡೋಣ ಎಂದು ಕೈ ತುರಿಸುತ್ತದೆ. ದಣಿವಿನ ಅಡಿಯಲ್ಲಿ ಮುಚ್ಚಿಹೋಗಿದ್ದ ಬಲ ಮೇಲೆ ಬರುವುದು ಬಿಡುವು ಸಿಕ್ಕಾಗ ಮಾತ್ರ. ಅದಕ್ಕೆ ಜಾಗ ಬಿಟ್ಟು ಕೂರುವುದೂ ತರಬೇತಿಯೇ. "ಈಗ ಎತ್ತಿದರೆ ಯಾರೂ ಬಿಳಿ ಲೈಟ್ ಹಾಕಲ್ಲ, ಸುಮ್ನಿರು" ಎನ್ನುತ್ತಾರೆ ನನ್ನ ಕೋಚ್. ಲಿಫ್ಟ್ ಸರಿಯಾಗಿದೆ ಎಂದು ರೆಫ್ರಿ ಹಾಕುವುದು ಬಿಳಿ ಲೈಟ್.

ಸ್ಪರ್ಧೆಯ ದಿನ ತೂಕ ನೋಡುವುದು ಲಿಫ್ಟಿಂಗ್‌ಗೆ ಎರಡು ಗಂಟೆ ಮೊದಲು ಶುರು. ನನ್ನ ವರ್ಗ 74 ಕೆಜಿ. ಎರಡೇ ಗಂಟೆಯಲ್ಲಿ ಕಳೆದುಕೊಂಡ ನೀರು ಪೂರ್ತಿ ಮರಳುವುದಿಲ್ಲವಾದ್ದರಿಂದ ನೀರು ಹಿಂಡಿ ತೂಕ ಇಳಿಸುವ ಸಾಹಸ ಮಾಡುವುದಿಲ್ಲ, ತಿಂಗಳ ಮೊದಲೇ ವರ್ಗದೊಳಗೆ ಇರುತ್ತೇನೆ. ಆಮೇಲೆ ಬಾರ್ ಇಡುವ ರ‍್ಯಾಕ್ ನನಗೆ ಎಷ್ಟು ಎತ್ತರ ಬೇಕೆಂದು ಬರೆಸಿ, ನನ್ನ ಸರದಿಗೆ ಮೊದಲು ಎಷ್ಟು ಮಂದಿ ಇದ್ದಾರೆ ಎಂದು ಎಣಿಸುತ್ತೇನೆ. ಒಬ್ಬರಿಗೆ ಸುಮಾರು ಒಂದು ನಿಮಿಷ ಎಂದು ಹಿಡಿದು ಹಿಂದಿನಿಂದ ಲೆಕ್ಕ ಹಾಕಿದರೆ ವಾರ್ಮ್‌ಅಪ್ ಯಾವಾಗ ಶುರು ಮಾಡಬೇಕೆಂದು ಗೊತ್ತಾಗುತ್ತದೆ.

ತೂಕದ ಆಯ್ಕೆ ನನಗೆ ಆಟದ ಅತ್ಯಂತ ರಸವತ್ತಾದ ಭಾಗ. ಸ್ಕ್ವಾಟ್‌ನಲ್ಲಿ 200 ಗುರಿ ಎಂದುಕೊಳ್ಳಿ. ಮೊದಲನೆಯದು 182.5. ಜ್ವರದಿಂದ ಎದ್ದುಬಂದರೂ ಮಾಡಬಲ್ಲೆ ಎನ್ನುವ ತೂಕ ಅದಾಗಿರಬೇಕು. ಮೂರೂ ಅವಕಾಶ ತಪ್ಪಿದರೆ ಟೋಟಲ್ಲೇ ಇಲ್ಲ, ತಪ್ಪಿದ ಮೇಲೆ ತೂಕ ಇಳಿಸಲು ನಿಯಮ ಬಿಡುವುದಿಲ್ಲ. ಎರಡನೆಯದು 192.5. ಅದು ಎದ್ದ ವೇಗ ನೋಡಿ ಕೋಚ್ ಮೂರನೆಯದನ್ನು ಬರೆಯುತ್ತಾರೆ: 197.5, 200 ಅಥವಾ 202.5. ಚೀಟಿ ಕೊಡಲು ಇರುವುದು ಒಂದೇ ನಿಮಿಷ. ಅಂಥ ಹೊತ್ತಲ್ಲಿ ನಾನು ಮಾತಾಡುವುದಿಲ್ಲ, ಹೊರಗಿನಿಂದ ನೋಡಿದ ಕಣ್ಣು ನನ್ನ ಉದ್ವೇಗಕ್ಕಿಂತ ಚೆನ್ನಾಗಿ ಅಳೆಯುತ್ತದೆ. ಕೊನೆಯ ಡೆಡ್‌ಲಿಫ್ಟ್‌ಗೆ ಮಾತ್ರ ಕೊಟ್ಟ ತೂಕವನ್ನು ಎರಡು ಸಲ ಬದಲಿಸಬಹುದು. ಎದುರಾಳಿಯ ಟೋಟಲ್ ನೋಡಿಕೊಂಡು ಎಷ್ಟು ಬೇಕೋ ಅಷ್ಟೇ ಹಾಕಿಸುವ ಚದುರಂಗ ಅಲ್ಲಿ ನಡೆಯುತ್ತದೆ.

ಹೆಸರು ಕೂಗಿ "ಬಾರ್ ಸಿದ್ಧ" ಎಂದಾಗ ಒಂದು ನಿಮಿಷದ ಗಡಿಯಾರ ಓಡಲು ಶುರು. ಬೆಲ್ಟ್ ಬಿಗಿಯಾಗಿದೆ, ಕೈಗೆ ಚಾಕ್ ಪುಡಿ ಹತ್ತಿದೆ. ನನಗೆ ಆಗ ಕೂಗಾಟ, ಬೆನ್ನ ಮೇಲೆ ಏಟು ಬೇಡ. ತಾಲೀಮಿನಲ್ಲಿ ಎಷ್ಟು ಹೆಜ್ಜೆಯಿಟ್ಟು ಬಾರ್ ಬಳಿ ಹೋಗುತ್ತೇನೋ ಅಷ್ಟೇ ಹೆಜ್ಜೆ, ಅದೇ ಉಸಿರು. ಮೂವರು ರೆಫ್ರಿಗಳಲ್ಲಿ ಇಬ್ಬರ ಬಿಳಿ ಲೈಟ್ ಸಾಕು. ಪಕ್ಕದಲ್ಲಿ ನಿಂತ ಎದುರಾಳಿಯೂ ನನ್ನ ಮೂರನೇ ಅಟೆಂಪ್ಟಿಗೆ "ಎದ್ದೇಳು!" ಎಂದು ಕೂಗುತ್ತಾನೆ, ಅವನದಕ್ಕೆ ನಾನೂ ಕೂಗುತ್ತೇನೆ. ಈ ಆಟ ಒಲಿಂಪಿಕ್ಸ್‌ನಲ್ಲಿ ಇಲ್ಲ. ಪ್ಯಾರಾಲಿಂಪಿಕ್ಸ್‌ನಲ್ಲಿ ಪವರ್‌ಲಿಫ್ಟಿಂಗ್ 1984ರಿಂದ ಇದೆ, ಆದರೆ ಅಲ್ಲಿ ಬೆಂಚ್ ಪ್ರೆಸ್ ಒಂದೇ. ದೊಡ್ಡ ವೇದಿಕೆಯ ಆಸೆ ಇಲ್ಲದವರು ಒಬ್ಬರ ಲಿಫ್ಟಿಗೆ ಇನ್ನೊಬ್ಬರು ಗಂಟಲು ಹರಿಯುವಂತೆ ಕೂಗುವುದನ್ನು ಕೇಳಲೆಂದೇ ನಾನು ಮತ್ತೆ ಹೆಸರು ಕೊಡುತ್ತೇನೆ.

ಸ್ಪರ್ಧೆ ಮುಗಿದ ವಾರ ನಡಿಗೆ, ಹಗುರ ವ್ಯಾಯಾಮ ಬಿಟ್ಟರೆ ಬೇರೇನೂ ಇಲ್ಲ. ಒಂಬತ್ತು ಅಟೆಂಪ್ಟುಗಳ ವಿಡಿಯೊವನ್ನು ಕೋಚ್ ಜೊತೆ ಕೂತು ನೋಡುತ್ತೇನೆ. ಸ್ಕ್ವಾಟ್‌ನಲ್ಲಿ ಎದೆಗಿಂತ ಮೊದಲು ಸೊಂಟ ಎದ್ದಿದ್ದರೆ ಮುಂದಿನ ಸುತ್ತಿಗೆ ಕೆಳಗೆ ಇಳಿದಲ್ಲೇ ತುಸು ತಡೆದು ಏಳುವ ಪಾಜ್ ಸ್ಕ್ವಾಟ್ ಸೇರುತ್ತದೆ. ಬೆಂಚ್ ಅರ್ಧದಲ್ಲಿ ನಿಧಾನವಾಗಿದ್ದರೆ ಕಿರಿದಾದ ಹಿಡಿತದ ಸೆಟ್ಟುಗಳು. ಪುಸ್ತಕದ ಹೊಸ ಪುಟದಲ್ಲಿ ಅದನ್ನೆಲ್ಲ ಬರೆದುಕೊಂಡು, ಮರುವಾರ ಶೇ 65ರ ತೂಕದಲ್ಲಿ ಎಂಟು ರೆಪ್‌ನ ಸೆಟ್ಟುಗಳಿಂದ ಶುರು ಮಾಡುತ್ತೇವೆ.