ಪ್ರಶ್ನಾವಳಿ ಮನೆಗೆ ಕೊಡುವಾಗ ನಾನು ನೋಡಿಕೊಳ್ಳುವುದು

ಖಿನ್ನತೆ ಎಷ್ಟಿದೆ ಅಂತ ನೋಡುವ ಪಿಎಚ್‌ಕ್ಯೂ-9, ಆತಂಕ ನೋಡುವ ಜಿಎಡಿ-7 ಥರದ ಚಿಕ್ಕ ಪ್ರಶ್ನಾವಳಿಗಳನ್ನು ಕ್ಲೈಂಟ್‌ಗಳು ಮನೆಯಲ್ಲೇ ತುಂಬಲಿ ಅಂತ ಬಿಡುತ್ತೇನೆ. ಎರಡೂ ಕಳೆದ 2 ವಾರದ ಬಗ್ಗೆ ಕೇಳುತ್ತವೆ, ಒಂದೊಂದು ಪ್ರಶ್ನೆಗೆ 0ಯಿಂದ 3ರವರೆಗೆ ಅಂಕ: 0 ಅಂದರೆ ಆ ತೊಂದರೆ ಇರಲೇ ಇಲ್ಲ, 3 ಅಂದರೆ ಹೆಚ್ಚುಕಡಿಮೆ ದಿನಾ ಇತ್ತು. ಸೆಷನ್ನಿನ ಸಮಯ ಉಳಿಯುತ್ತದೆ ನಿಜ, ಆದರೆ ನನಗೆ ಮುಖ್ಯ ಅನಿಸಿದ್ದು ಬೇರೆ. ಎದುರಿಗೆ ಕೂತು 'ಪರವಾಗಿಲ್ಲ, ಚೆನ್ನಾಗಿದ್ದೀನಿ' ಅನ್ನುವ ಕೆಲವರು ನಿದ್ದೆಯ ಪ್ರಶ್ನೆಗೆ 3 ಹಾಕಿರುತ್ತಾರೆ.

ಎಚ್ಚರ ಬೇಕಾಗಿರುವುದು ಪಿಎಚ್‌ಕ್ಯೂ-9ರ ಕೊನೆಯ ಪ್ರಶ್ನೆಗೆ. ಸತ್ತರೇ ಒಳ್ಳೆಯದು ಅನಿಸಿತ್ತಾ, ನಿಮಗೆ ನೀವೇ ನೋವು ಮಾಡಿಕೊಳ್ಳುವ ಯೋಚನೆ ಬಂದಿತ್ತಾ ಅಂತ ಕೇಳುವುದು ಅದು. ಯಾರೋ ನಡುರಾತ್ರಿ ಅದಕ್ಕೆ 2 ಒತ್ತಿ ಕಳಿಸಿ, ನಾನು ಅದನ್ನು ಮರುದಿನ ಮಧ್ಯಾಹ್ನ ನೋಡಿದರೆ? ಅದಕ್ಕೇ ಸೆಷನ್ ಇರುವ ದಿನ, ನಾನು ಕೆಲಸದಲ್ಲಿರುವ ಹೊತ್ತಿನಲ್ಲೇ ತುಂಬಿ ಅನ್ನುತ್ತೇನೆ. ಫಾರ್ಮ್ ಕಳಿಸಿದ ತಕ್ಷಣ ನಾನು ನೋಡುವುದಿಲ್ಲ, ಕಷ್ಟ ಅನಿಸಿದರೆ ಫಾರ್ಮಿಗೆ ಕಾಯಬೇಡಿ, ಫೋನ್ ಮಾಡಿ ಅಂತ ಬಾಯಿಬಿಟ್ಟು ಹೇಳುತ್ತೇನೆ. ಯಾರಿಗೆ ಮಾಡಬೇಕು, ಅವರು ಸಿಗದಿದ್ದರೆ ಇನ್ಯಾರಿಗೆ ಅನ್ನುವುದನ್ನು ಇಬ್ಬರೂ ಕೂತು ಮೊದಲೇ ಬರೆದಿಟ್ಟಿರುತ್ತೇವೆ. ಫಾರ್ಮ್ ಬಂದಾಗ ಮೊದಲು ನೋಡುವುದು ಅದೇ ಉತ್ತರ, ಒಟ್ಟು ಸ್ಕೋರ್ ಆಮೇಲೆ. ಒಟ್ಟು ಬರೀ 6 ಇದ್ದರೂ ಅಲ್ಲಿ 0 ಇಲ್ಲದಿದ್ದರೆ ಆಗಲೇ ಫೋನ್ ಮಾಡುತ್ತೇನೆ. ಯಾರ ಬಗ್ಗೆ ನನಗೆ ಮೊದಲಿಂದಲೇ ಈ ಚಿಂತೆ ಇದೆಯೋ ಅವರಿಗೆ ಮನೆಗೆ ಕೊಡುವುದೇ ಇಲ್ಲ, ನನ್ನೆದುರೇ ತುಂಬುತ್ತಾರೆ.

ಪಕ್ಕದಲ್ಲಿ ಯಾರಿದ್ದರು ಅನ್ನುವುದೂ ಮುಖ್ಯ. ಒಬ್ಬರ ಫಾರ್ಮಿನಲ್ಲಿ ಸಾಲಾಗಿ ಎಲ್ಲವೂ 1. ಕೇಳಿದರೆ, 'ಅಮ್ಮ ಓದಿ ಹೇಳ್ತಿದ್ರು ಮೇಡಂ' ಅಂದರು. ಒಬ್ಬರೇ ಕೂತು ಮತ್ತೆ ತುಂಬಿದಾಗ ಬಂದದ್ದು ಬೇರೆಯೇ ಚಿತ್ರ. ಈಗ ಪ್ರತಿ ಸಲ ಎಲ್ಲಿ ಕೂತು ತುಂಬಿದಿರಿ, ಜೊತೆಗೆ ಯಾರಿದ್ದರು ಅಂತ ಕೇಳುತ್ತೇನೆ.

ವ್ಯಕ್ತಿತ್ವ ಮತ್ತು ಮಾನಸಿಕ ತೊಂದರೆಗಳನ್ನು ನೋಡುವ ದೊಡ್ಡ ಪರೀಕ್ಷೆ ಎಂಎಂಪಿಐ-2 ಮಾತ್ರ ಮನೆಗಿಲ್ಲ. 567 ಸರಿ-ತಪ್ಪು ಹೇಳಿಕೆಗಳು, ಸುಸ್ತಾಗುತ್ತದೆ, ಮನೆಗೆ ಕೊಡಿ ಅಂತ ಕೇಳುವುದು ಸಹಜ ಅಲ್ವಾ. ಆದರೆ ಅದನ್ನು ಯಾರಾದರೂ ನೋಡಿಕೊಳ್ಳುತ್ತಿರುವಾಗಲೇ ಮಾಡಿಸಬೇಕು. ಇಲ್ಲದಿದ್ದರೆ ಉತ್ತರ ಯಾರದು, ಬೇರೆಯವರನ್ನು ಕೇಳಿ ಬರೆದದ್ದಾ ಅಂತ ಹೇಳಲಾಗದು, ಪ್ರಶ್ನೆಗಳೂ ಹೊರಗೆ ಹೋಗುತ್ತವೆ. ಮಧ್ಯೆ ಎದ್ದು ಓಡಾಡಲು ಬಿಡುತ್ತೇನೆ, ಬೇಕಿದ್ದರೆ ಎರಡು ಸಲಕ್ಕೆ ಹಂಚುತ್ತೇನೆ.

ಇನ್ನೊಂದು ಮಾತು. ತುಂಬಿ ತಂದದ್ದನ್ನು ಸುಮ್ನೆ ಫೈಲಿಗೆ ಸೇರಿಸಬೇಡಿ. 'ಹೋದ ಸಲ ಏಕಾಗ್ರತೆಗೆ 3 ಹಾಕಿದ್ರಿ, ಈ ಸಲ 1 ಇದೆ, ಏನಾಯ್ತು?' ಅಂತ ಕೇಳಿ. ನಾವು ಓದುತ್ತೇವೆ ಅಂತ ಗೊತ್ತಾದರೆ ಅವರೂ ಯೋಚಿಸಿ ತುಂಬುತ್ತಾರೆ.