ಮೌಲ್ಡ್ ಹಾಕೋ ಹಿಂದಿನ ದಿನ ಒಂದ್ಸಲ ಸೆಂಟ್ರಿಂಗ್ ಮೇಲೆ ಹತ್ತಿ ಪೈಪ್ ನೋಡ್ಕೊಳ್ಳಿ

ಮನೆ ಕಟ್ಟಿಸ್ತಿರೋರಿಗೆ ಇದು. ಮೌಲ್ಡ್ ಅಂದ್ರೆ ಸ್ಲ್ಯಾಬಿಗೆ ಕಾಂಕ್ರೀಟ್ ಹಾಕೋದು, ಸೆಂಟ್ರಿಂಗ್ ಅಂದ್ರೆ ಆ ಕಾಂಕ್ರೀಟ್ ಹೊರೋಕೆ ಕೆಳಗೆ ಶೀಟ್, ಕಂಬ ಕೊಟ್ಟು ಕಟ್ಟೋ ಅಟ್ಟಣಿಗೆ. ಟೈಲ್ಸ್ ಆರ್ಸೋಕೆ ನಾಲ್ಕು ಅಂಗಡಿ ಸುತ್ತೋ ನಾವು ಕರೆಂಟ್ ಪೈಪ್ ವಿಷ್ಯಕ್ಕೆ ಬಂದ್ರೆ ಎಲೆಕ್ಟ್ರಿಷಿಯನ್ ನೋಡ್ಕೋತಾನೆ ಬಿಡಿ ಅಂತೀವಿ, ನಾನೂ ಹಂಗೇ ಅಂದೆ, ಆಮೇಲೆ ಹಾಲ್ ಫ್ಯಾನ್ ಪಾಯಿಂಟಿಗೆ ವೈರ್ ಎಳೆಯೋಕೆ ಅಂತ ಸ್ಪ್ರಿಂಗ್ ಬಿಟ್ರೆ ಅರ್ಧಕ್ಕೇ ನಿಂತೋಯ್ತು, ಒಳಗೆ ಸಿಮೆಂಟ್ ಹಾಲು ಇಳಿದು ಕಲ್ಲಾಗಿತ್ತು. ಸ್ಲ್ಯಾಬ್ ಒಡೆಯೋ ಹಂಗಿಲ್ಲ. ಈಗ ಸೀಲಿಂಗ್ ಮೇಲೆ ಬಿಳಿ ಕೇಸಿಂಗ್ ಪಟ್ಟಿ ಓಡ್ತಿದೆ, ಬಂದೋರೆಲ್ಲ ಮೊದ್ಲು ಅದನ್ನೇ ನೋಡ್ತಾರೆ.

ಮೊದ್ಲು ಮಾಡ್ಬೇಕಾದ್ದು ಪ್ಲಾನ್ ಪ್ರಿಂಟ್ ಮೇಲೆ ಪೆನ್ಸಿಲಲ್ಲಿ ಮಂಚ, ಫ್ರಿಜ್, ಮಿಕ್ಸಿ, ವಾಷಿಂಗ್ ಮಷಿನ್, ಯುಪಿಎಸ್, ಸಂಪ್ ಮೋಟಾರ್ ಎಲ್ಲಾ ಎಲ್ಲಿ ಬರುತ್ತೆ ಅಂತ ಗುರುತು ಹಾಕೋದು. ಬಾಗಿಲು ಯಾವ ಕಡೆ ತೆರೆಯುತ್ತೆ ಅದೂ ಹಾಕಿ, ಇಲ್ಲಾಂದ್ರೆ ಸ್ವಿಚ್ ಬೋರ್ಡ್ ಬಾಗಿಲ ಹಿಂದೆ ಹೋಗಿ ಕೂತ್ಕೊಳ್ಳುತ್ತೆ. ಟೆರೇಸಿಂದ ಮೇನ್ ಬೋರ್ಡಿಗೆ ಸೋಲಾರಿಗಂತ ಒಂದು, ಪಾರ್ಕಿಂಗಿಗೆ ಗಾಡಿ ಚಾರ್ಜ್ ಮಾಡೋಕೆ ಒಂದು ಖಾಲಿ ಪೈಪ್ ಈಗ್ಲೇ ಬಿಟ್ಬಿಡಿ. ಇಂಟರ್ನೆಟ್, ಟಿವಿ ಕೇಬಲ್ಲಿಗೆ ಬೇರೆ ಪೈಪ್, ಕರೆಂಟ್ ವೈರ್ ಜೊತೆ ಒಂದೇ ಪೈಪಲ್ಲಿ ತುರುಕಬಾರ್ದು.

ಈಗ ಮೌಲ್ಡ್ ವಿಷ್ಯ. ಬಾರ್ ಬೆಂಡರ್ ಕೆಳಗಿನ ಕಂಬಿ ಕಟ್ಟಿದ್ಮೇಲೆ ಅದರ ಮೇಲೆ ಪೈಪ್ ಬರ್ಬೇಕು, ಸೆಂಟ್ರಿಂಗ್ ಶೀಟ್ ಮೇಲೇ ಮಲಗಿಸಿದ್ರೆ ಪೈಪ್ ಕೆಳಗೆ ಕಾಂಕ್ರೀಟ್ ಕವರ್ ಸಿಗಲ್ಲ, ಪೈಪ್ ಹೋದ ದಾರೀಲೇ ಬಿರುಕು ಕಾಣುತ್ತೆ. ಫ್ಯಾನ್ ಬಾಕ್ಸ್ ಮಾತ್ರ ಶೀಟಿಗೆ ಅಂಟ್ಕೊಂಡು ಕೂರ್ಬೇಕು, ಅದರ ಬಾಯಿಗೆ ಥರ್ಮಾಕೋಲೋ ಪೇಪರೋ ತುಂಬಿಸಿ ಟೇಪ್ ಸುತ್ಸಿ. ಪೈಪ್ ಐಎಸ್‌ಐ ಮಾರ್ಕಿಂದು, ಮೀಡಿಯಂ ಗೇಜಿಗಿಂತ (ಗೇಜ್ ಅಂದ್ರೆ ಪೈಪಿನ ದಪ್ಪ) ಕಡಿಮೆ ಬೇಡ. ನಾನು ಎಡವಿದ್ದು ಜಾಯಿಂಟಲ್ಲಿ: ಅಂಟಿಸೋ ಸಲ್ಯೂಷನ್ ಹಾಕ್ದೆ ಸುಮ್ನೆ ತುರುಕಿದ್ರು, ಕಾಂಕ್ರೀಟ್ ಅದುರಿಸಿ ಕೂರ್ಸೋ ವೈಬ್ರೇಟರ್ ತಗುಲಿ ಬಿಟ್ಕೊಂಡ್ತು. ಹಾಗಾಗಿ ಒಂದೊಂದು ಜಾಯಿಂಟೂ ಕೈಯಲ್ಲಿ ಹಿಡಿದು ಎಳೆದು ನೋಡಿ, ಎಲೆಕ್ಟ್ರಿಷಿಯನ್ ಮುಖ ಊದಿಸ್ಕೊಂಡ್ರೆ ಊದಿಸ್ಕೊಳ್ಲಿ. ತಿರುವಿರೋ ಕಡೆ ಉದ್ದ ಬೆಂಡ್ ಹಾಕ್ಸಿ, ಚೂಪಾದ ಎಲ್ಬೋ ಹಾಕಿದ್ರೆ ವೈರ್ ಎಳೆಯೋವಾಗ ಸಿಗಾಕ್ಕೊಳ್ಳುತ್ತೆ. ನಾಲ್ಕೈದು ಪೈಪ್ ಒಂದಕ್ಕೊಂದು ಅಂಟಿಸಿ ಕಟ್ಟೋಕೆ ಬಿಡ್ಬೇಡಿ, ಮಧ್ಯೆ ಕಾಂಕ್ರೀಟ್ ಇಳಿಯೋಕೆ ಜಾಗ ಬೇಕು, ಸ್ಲ್ಯಾಬೇ ಐದು ಇಂಚಿರುತ್ತೆ. ಕಾಂಕ್ರೀಟ್ ಹಾಕೋ ದಿನ ಬಾಂಡ್ಲಿ ಹೊತ್ಕೊಂಡು ಹತ್ತಾರು ಜನ ಪೈಪ್ ತುಳ್ಕೊಂಡೇ ಓಡಾಡ್ತಾರೆ, ಅವತ್ತು ಎಲೆಕ್ಟ್ರಿಷಿಯನ್ ಕಡೆ ಹುಡುಗ ಒಬ್ಬ ಅಲ್ಲೇ ನಿಂತಿರ್ಲಿ, ಒಂದು ದಿನದ ಕೂಲಿ ಹೋದ್ರೂ ಪರ್ವಾಗಿಲ್ಲ.

ಗೋಡೆ ಕಟಿಂಗ್ ಪ್ಲಾಸ್ಟರಿಂಗಿಗೆ ಮುಂಚೆ ಮುಗೀಬೇಕು, ಸುತ್ತಿಗೆ ಉಳಿ ಬೇಡ, ಕಟಿಂಗ್ ಮಷಿನ್ ಹಾಕ್ಸಿ. ಮೇಲಿಂದ ಕೆಳಕ್ಕೆ ನೇರವಾಗಿ ಕೊರೆಯೋದಾದ್ರೆ ಗೋಡೆ ದಪ್ಪದಲ್ಲಿ ಮೂರನೇ ಒಂದು ಭಾಗ, ಅಡ್ಡಡ್ಡ ಆದ್ರೆ ಆರನೇ ಒಂದು ಭಾಗಕ್ಕಿಂತ ಆಳ ಹೋಗಬಾರ್ದು. ಲೆಕ್ಕ ಹಾಕಿ, 4 ಇಂಚಿನ ಗೋಡೇಲಿ ಆರನೇ ಒಂದು ಭಾಗ ಅಂದ್ರೆ ಸುಮಾರು 17 ಎಂಎಂ, ನಾವು ಹಾಕೋ ಪೈಪೇ 20 ಎಂಎಂ. ಅಂದ್ಮೇಲೆ ಅಲ್ಲಿ ಅಡ್ಡ ಕೊರೆಯೋ ಮಾತೇ ಇಲ್ಲ, ಮೇಲಿಂದಾನೇ ಇನ್ನೊಂದು ಪೈಪ್ ಇಳಿಸ್ಬೇಕು. ಪಿಲ್ಲರ್, ಬೀಮ್ ಅಂತೂ ಮುಟ್ಟಲೇಬಾರ್ದು.

ಪ್ಲಾಸ್ಟರ್ ಮಾಡೋಕೆ ಮುಂಚೆ ಎಲ್ಲಾ ಪೈಪಲ್ಲೂ ಸ್ಪ್ರಿಂಗ್ ಬಿಟ್ಟು ಆ ತುದಿಗೆ ಬಂತಾ ಅಂತ ನೋಡಿ. ಆಮೇಲೆ ಗೋಡೆಗೆ ಟೇಪ್ ಹಿಡಿದು, ಅಳತೆ ಕಾಣೋ ಥರ ಒಂದೊಂದು ರೂಮಿನ ನಾಲ್ಕೂ ಗೋಡೆ ಫೋಟೋ ತೆಗೆದಿಟ್ಕೊಳ್ಳಿ. ಟಿವಿ ಯೂನಿಟ್ ಹೊಡೆಯೋಕೆ ಬರೋ ಕಾರ್ಪೆಂಟರ್ ಕೈಗೆ ಡ್ರಿಲ್ ಕೊಡೋ ಮುಂಚೆ ಆ ಫೋಟೋ ತೋರ್ಸಿ, ನಮ್ಮನೇಲಿ ತೋರ್ಸಿರ್ಲಿಲ್ಲ, ಸ್ಕ್ರೂ ನೆಟ್ಟಗೆ ಪೈಪೊಳಗೇ ಹೋಗಿತ್ತು.