ಅಮಾಕ್ಸಿಸಿಲಿನ್–ಕ್ಲಾವುಲನೇಟ್ ನುಂಗುವಾಗ: ಯಾವುದನ್ನು ತಾಳಿಕೊಳ್ಳಬಹುದು, ಯಾವುದಕ್ಕೆ ಓಡಬೇಕು?

ಈ ಆಂಟಿಬಯಾಟಿಕ್ ಮಾತ್ರೆಯ ಸ್ಟ್ರಿಪ್ ಮೇಲೆ 625 ಎಂದಿದ್ದರೆ ಅದರಲ್ಲಿ 500 ಮಿಲಿಗ್ರಾಂ ಅಮಾಕ್ಸಿಸಿಲಿನ್, 125 ಮಿಲಿಗ್ರಾಂ ಕ್ಲಾವುಲನೇಟ್ ಇದೆ ಎಂದರ್ಥ. ಬ್ಯಾಕ್ಟೀರಿಯಾವನ್ನು ಕೊಲ್ಲುವುದು ಮೊದಲನೆಯದು. ಅದನ್ನು ಒಡೆದುಹಾಕಲು ಬ್ಯಾಕ್ಟೀರಿಯಾ ಬಿಡುವ ಕಿಣ್ವಕ್ಕೆ ಅಡ್ಡ ನಿಲ್ಲುವುದು ಎರಡನೆಯದು. ಹೊಟ್ಟೆ ಕೆಡಿಸುವುದರಲ್ಲೂ ಈ ಎರಡನೆಯದರ ಪಾಲೇ ದೊಡ್ಡದು. ಹಾಗಾಗಿ 625 ಸಿಗಲಿಲ್ಲವೆಂದು 375ರ ಎರಡು ಮಾತ್ರೆ ನುಂಗುವ ಲೆಕ್ಕಾಚಾರ ಬೇಡ. 375ರಲ್ಲಿ ಅಮಾಕ್ಸಿಸಿಲಿನ್ 250ಕ್ಕೆ ಇಳಿದರೂ ಕ್ಲಾವುಲನೇಟ್ ಅದೇ 125. ಎರಡು ನುಂಗಿದರೆ ಅದು 250 ಆಗಿ, ಭೇದಿಗೆ ನಾವೇ ದಾರಿ ಮಾಡಿಕೊಟ್ಟಂತೆ.

ಹೆಜ್ಜೆ 1: ಮೊದಲ ಮಾತ್ರೆಗೆ ಮುನ್ನ

ವೈದ್ಯರಿಗೆ ನಾಲ್ಕು ಸಂಗತಿ ಗೊತ್ತಿರಲೇಬೇಕು. ಪೆನಿಸಿಲಿನ್ ಅಥವಾ ಅದರ ಬಳಗದ ಔಷಧಿಗೆ (ಅಮಾಕ್ಸಿಸಿಲಿನ್ ಕೂಡ ಇದೇ ಬಳಗದ್ದು) ಹಿಂದೆ ಏನಾಗಿತ್ತು, ಇದೇ ಮಾತ್ರೆಯಿಂದ ಎಂದಾದರೂ ಕಾಮಾಲೆ ಬಂದಿತ್ತೇ, ಮೂತ್ರಪಿಂಡದ ತೊಂದರೆ ಇದೆಯೇ, ಬೇರೆ ಯಾವ ಮಾತ್ರೆ ನಡೆಯುತ್ತಿದೆ. ಕಾಮಾಲೆ ಬಂದಿದ್ದವರಿಗೆ ಇದನ್ನು ಮತ್ತೆ ಕೊಡುವಂತಿಲ್ಲ. ರಕ್ತ ಹೆಪ್ಪುಗಟ್ಟದಂತೆ ತಡೆಯುವ ವಾರ್‌ಫರಿನ್ ತೆಗೆದುಕೊಳ್ಳುವವರಲ್ಲಿ ರಕ್ತ ಇನ್ನಷ್ಟು ತೆಳುವಾಗಬಹುದು, ಕೀಲುವಾತ, ಕ್ಯಾನ್ಸರ್‌ಗೆ ಕೊಡುವ ಮೆಥೊಟ್ರೆಕ್ಸೇಟ್ ದೇಹದಿಂದ ಹೊರಹೋಗುವುದು ತಡವಾಗಬಹುದು, ಯೂರಿಕ್ ಆಮ್ಲ ತಗ್ಗಿಸುವ ಅಲೊಪ್ಯೂರಿನಾಲ್ ಜೊತೆ ದದ್ದು ಏಳುವ ಸಂಭವ ಹೆಚ್ಚು.

ಹೆಜ್ಜೆ 2: ಊಟದ ಮೊದಲ ತುತ್ತಿನೊಂದಿಗೆ

‘ಊಟವಾದ ಮೇಲೆ’ ಎಂದು ಬಹುತೇಕರು ತಿಳಿದಿರುತ್ತಾರೆ. ಈ ಮಾತ್ರೆಗೆ ಊಟದ ಆರಂಭವೇ ಸರಿಯಾದ ಹೊತ್ತು. ಕ್ಲಾವುಲನೇಟನ್ನು ದೇಹ ಆಗ ಚೆನ್ನಾಗಿ ಹೀರಿಕೊಳ್ಳುತ್ತದೆ, ಹೊಟ್ಟೆ ತೊಳಸುವುದೂ ಕಡಿಮೆ. ನುಂಗಿದ ಅರ್ಧ ಗಂಟೆಯೊಳಗೆ ವಾಂತಿಯಾದರೆ ಆ ಡೋಸ್ ಮತ್ತೆ ಬೇಕೇ ಎಂದು ವೈದ್ಯರನ್ನೋ ಫಾರ್ಮಸಿಸ್ಟರನ್ನೋ ಕೇಳಿ. ಒಂದು ಹೊತ್ತಿನದು ಮರೆತರೆ ನೆನಪಾದಾಗ ತೆಗೆದುಕೊಳ್ಳಿ. ಮುಂದಿನದರ ಹೊತ್ತು ಹತ್ತಿರ ಬಂದಿದ್ದರೆ ಮರೆತದ್ದನ್ನು ಬಿಟ್ಟುಬಿಡಿ. ಎರಡನ್ನೂ ಒಟ್ಟಿಗೆ ನುಂಗಬಾರದು. ಮಕ್ಕಳ ಸಿರಪ್ಪನ್ನು ನೀರು ಬೆರೆಸಿದ ಮೇಲೆ ಫ್ರಿಜ್‌ನಲ್ಲಿಡಿ, ಪ್ರತಿ ಸಲ ಕುಲುಕಿ, ಲೇಬಲ್‌ನಲ್ಲಿರುವ 7 ಅಥವಾ 10 ದಿನ ಕಳೆದ ಮೇಲೆ ಉಳಿದದ್ದನ್ನು ಬಿಸಾಡಿ. ಅಳೆಯಲು ಅದರ ಜೊತೆ ಬಂದ ಸಿರಿಂಜ್ ಅಥವಾ ಅಳತೆ ಚಮಚವೇ ಆಗಬೇಕು. ಅಡುಗೆಮನೆಯ ಚಮಚಗಳು ಒಂದರಂತೆ ಒಂದಿರುವುದಿಲ್ಲ.

ಹೆಜ್ಜೆ 3: ಭೇದಿ ಶುರುವಾದರೆ

ಅತಿ ಸಾಮಾನ್ಯ ಅಡ್ಡಪರಿಣಾಮ ಇದೇ. ದಿನಕ್ಕೆ ಒಂದೆರಡು ಸಲ ಸಡಿಲವಾಗಿ ಹೋಗುತ್ತಿದೆ, ಜ್ವರವಿಲ್ಲ, ರಕ್ತವಿಲ್ಲ, ಹೊಟ್ಟೆ ಹಿಂಡುವ ನೋವಿಲ್ಲ ಎಂದಾದರೆ ಕೋರ್ಸ್ ಮುಂದುವರಿಸಬಹುದು. ಕಳೆದುಹೋದ ನೀರು, ಉಪ್ಪನ್ನು ತುಂಬಿಕೊಡುವುದು ಮುಖ್ಯ. ಓಆರ್‌ಎಸ್ ಪೊಟ್ಟಣದ ಮೇಲೆ ಎಷ್ಟು ನೀರು ಎಂದಿದೆಯೋ ಅಷ್ಟರಲ್ಲೇ ಪೂರ್ತಿ ಪುಡಿ ಕರಗಿಸಿ. ನೀರು ಕಡಿಮೆಯಾದರೆ ದ್ರಾವಣ ಗಟ್ಟಿಯಾಗಿ ಭೇದಿ ಇನ್ನಷ್ಟು ಕೆರಳುತ್ತದೆ, ಹೆಚ್ಚಾದರೆ ಉಪ್ಪು ಸಾಲದು. ಪೊಟ್ಟಣ ಕೈಗೆ ಸಿಗದಿದ್ದರೆ 1 ಲೀಟರ್ ಶುದ್ಧ ನೀರಿಗೆ 6 ಟೀ ಚಮಚ ಸಕ್ಕರೆ, ಅರ್ಧ ಟೀ ಚಮಚ ಉಪ್ಪು. ಚಮಚ ಗೋಪುರದಂತೆ ತುಂಬಬಾರದು, ಅಂಚಿಗೆ ಸಮವಾಗಿರಬೇಕು. ಪ್ರತಿ ಸಲ ಭೇದಿಯಾದ ಮೇಲೆ 2 ವರ್ಷದೊಳಗಿನ ಮಗುವಿಗೆ 50ರಿಂದ 100 ಮಿಲಿಲೀಟರ್, 2ರಿಂದ 10 ವರ್ಷದವರಿಗೆ 100ರಿಂದ 200 ಮಿಲಿಲೀಟರ್, ದೊಡ್ಡವರಿಗೆ ಕುಡಿಯುವಷ್ಟು. ಮಗು ಕಕ್ಕಿದರೆ 10 ನಿಮಿಷ ಬಿಟ್ಟು ಒಂದೊಂದೇ ಚಮಚ ಕೊಡಿ.

ದಿನಕ್ಕೆ ಮೂರು ಅಥವಾ ಹೆಚ್ಚು ಸಲ ನೀರಿನಂತೆ ಹೋಗುತ್ತಿದ್ದು, ಜೊತೆಗೆ ಜ್ವರ, ಹೊಟ್ಟೆನೋವು ಅಥವಾ ರಕ್ತ ಕಂಡರೆ ಲೆಕ್ಕವೇ ಬೇರೆ. ಕರುಳಿನ ಒಳ್ಳೆಯ ಬ್ಯಾಕ್ಟೀರಿಯಾ ಸತ್ತ ಜಾಗದಲ್ಲಿ ಕ್ಲಾಸ್ಟ್ರಿಡಿಯೋಯ್ಡಿಸ್ ಡಿಫಿಸೈಲ್ ಎಂಬ ಕೆಟ್ಟ ಬ್ಯಾಕ್ಟೀರಿಯಾ ಬೆಳೆದು ವಿಷ ಉಗುಳುತ್ತಿರಬಹುದು. ಭೇದಿ ಕಟ್ಟುವ ಲೋಪೆರಮೈಡ್ ನುಂಗಿ ಆ ವಿಷವನ್ನು ಒಳಗೇ ಕೂಡಿಹಾಕಬೇಡಿ, ವೈದ್ಯರಿಗೆ ತೋರಿಸಿ. ಕೋರ್ಸ್ ಮುಗಿದು ಎರಡು ತಿಂಗಳಾದ ಮೇಲೂ ಇದು ಬರಬಹುದು. ಆಗ ಹಳೆಯ ಮಾತ್ರೆಯ ನೆನಪು ಯಾರಿಗೂ ಇರುವುದಿಲ್ಲ, ನೀವೇ ಬಾಯಿಬಿಟ್ಟು ಹೇಳಬೇಕು. ಇನ್ನೊಂದು ಮಾತು: ಗರ್ಭನಿರೋಧಕ ಮಾತ್ರೆಯನ್ನು ಅಮಾಕ್ಸಿಸಿಲಿನ್ ಕೆಡಿಸುವುದಿಲ್ಲ, ಆದರೆ ಜೋರು ವಾಂತಿ–ಭೇದಿ ಕೆಡಿಸಬಹುದು.

ಹೆಜ್ಜೆ 4: ದದ್ದು ಎದ್ದರೆ ಗಡಿಯಾರ ನೋಡಿ

ಮೈಮೇಲೆ ಕೆಂಪು ಕಂಡ ಕೂಡಲೇ ‘ಅಲರ್ಜಿ’ ಎಂದುಬಿಡುತ್ತೇವೆ. ಮಾತ್ರೆ ನುಂಗಿ ಎಷ್ಟು ಹೊತ್ತಾಯಿತು, ದದ್ದಿನ ರೂಪ ಹೇಗಿದೆ ಎಂಬುದನ್ನು ಮೊದಲು ನೋಡಬೇಕು.

ನುಂಗಿದ ಕೆಲವು ನಿಮಿಷಗಳಿಂದ ಒಂದೆರಡು ಗಂಟೆಯೊಳಗೆ ಎದ್ದ ಉಬ್ಬು ಗಂಧೆ, ವಿಪರೀತ ನವೆ, ಒಂದು ಕಡೆ ಮಾಯವಾಗಿ ಇನ್ನೊಂದು ಕಡೆ ಏಳುವುದು: ಇದು ನಿಜವಾದ ಅಲರ್ಜಿಯ ಚಹರೆ. ಮುಂದಿನ ಡೋಸ್ ಬೇಡ, ಅಂದೇ ವೈದ್ಯರನ್ನು ಕಾಣಿ. ಐದಾರು ದಿನ ಕಳೆದ ಮೇಲೆ ಹೊಟ್ಟೆ, ಬೆನ್ನಿನಿಂದ ಶುರುವಾಗಿ ಹರಡುವ ಚಪ್ಪಟೆ ಕೆಂಪು ಚುಕ್ಕೆಗಳು ಬೇರೆ ಜಾತಿಯವು. ಮಕ್ಕಳಲ್ಲಿ ಎಷ್ಟೋ ಸಲ ಇದಕ್ಕೆ ಜೊತೆಗಿದ್ದ ವೈರಸ್ಸೇ ಕಾರಣ. ಗ್ರಂಥಿ ಜ್ವರ (ಗಂಟಲು ನೋವು, ಕತ್ತಿನ ಗ್ರಂಥಿ ಊತ ತರುವ ವೈರಸ್ ಸೋಂಕು) ಇದ್ದವರಿಗೆ ಅಮಾಕ್ಸಿಸಿಲಿನ್ ಕೊಟ್ಟಾಗ ಇಂಥದ್ದು ಏಳುವುದು ಹೆಸರುವಾಸಿ. ಮಾತ್ರೆ ನಿಲ್ಲಿಸಬೇಕೋ ಬೇಡವೋ ಎಂಬುದನ್ನು ನೋಡಿದ ವೈದ್ಯರು ತೀರ್ಮಾನಿಸಲಿ. ಬೆಳಕಿನಲ್ಲಿ ಒಂದು ಫೋಟೊ ತೆಗೆದಿಟ್ಟುಕೊಳ್ಳಿ, ಆಸ್ಪತ್ರೆ ತಲುಪುವಷ್ಟರಲ್ಲಿ ದದ್ದು ರೂಪ ಬದಲಿಸಿರುತ್ತದೆ.

ಹೆಜ್ಜೆ 5: ಕಾಯಬಾರದ ಹೊತ್ತು

ತುಟಿ, ನಾಲಿಗೆ ಅಥವಾ ಗಂಟಲು ಊದುವುದು, ಉಬ್ಬಸ, ದನಿ ಒಡೆಯುವುದು, ತಲೆ ತಿರುಗಿ ಕುಸಿಯುವುದು ಅನಫೈಲ್ಯಾಕ್ಸಿಸ್, ಅಂದರೆ ಜೀವಕ್ಕೇ ಕುತ್ತು ತರುವ ತೀವ್ರ ಅಲರ್ಜಿಯ ಲಕ್ಷಣಗಳು. ಆಂಬ್ಯುಲೆನ್ಸ್ ಕರೆಯಿರಿ. ಅಡ್ರಿನಾಲಿನ್ ಪೆನ್ (ತೀವ್ರ ಅಲರ್ಜಿಗೆ ತಾವೇ ಹಾಕಿಕೊಳ್ಳುವ ಚುಚ್ಚುಮದ್ದು) ಇದ್ದರೆ ತೊಡೆಯ ಹೊರಬದಿಗೆ ಚುಚ್ಚಿ. ಅಲರ್ಜಿ ಮಾತ್ರೆ ನವೆ ತಗ್ಗಿಸೀತು, ಉಸಿರು ಉಳಿಸದು. ರೋಗಿಯನ್ನು ಅಂಗಾತ ಮಲಗಿಸಿ ಕಾಲು ಎತ್ತರಿಸಿ. ಉಸಿರಾಟಕ್ಕೆ ಕಷ್ಟವಾದರೆ ಕೂರಿಸಬಹುದು, ಆದರೆ ನಿಲ್ಲಿಸಬೇಡಿ, ನಡೆಸಬೇಡಿ. ಸುಧಾರಿಸಿದಂತೆ ಕಂಡರೂ ಆಸ್ಪತ್ರೆಗೆ ಹೋಗಲೇಬೇಕು, ಲಕ್ಷಣಗಳು ಕೆಲವು ಗಂಟೆ ಬಿಟ್ಟು ಮರಳಬಹುದು.

ಚರ್ಮ ಉರಿದು ಗುಳ್ಳೆಯೆದ್ದು ಸುಲಿಯುವುದು, ಬಾಯಿ, ಕಣ್ಣು, ಗುಪ್ತಾಂಗದಲ್ಲಿ ಹುಣ್ಣಾಗುವುದು ಅಪರೂಪ, ಆದರೆ ಇದಕ್ಕೂ ಅಷ್ಟೇ ಅವಸರ.

ಹೆಜ್ಜೆ 6: ಸಣ್ಣ ಕಿರಿಕಿರಿ, ತಡವಾಗಿ ಬರುವ ದೊಡ್ಡದು

ಬಾಯಿಯಲ್ಲಿ ಬಿಳಿ ಪದರ, ಯೋನಿಯಲ್ಲಿ ತುರಿಕೆ ಮತ್ತು ಗಟ್ಟಿ ಬಿಳಿಸೆರಗು ಕಂಡರೆ ಶಿಲೀಂಧ್ರ ಬೆಳೆದಿರಬಹುದು. ಅದಕ್ಕೆ ಸುಲಭದ ಚಿಕಿತ್ಸೆ ಇದೆ.

ಯಕೃತ್ತಿನ ವಿಷಯ ಮಾತ್ರ ಮೋಸದ್ದು. 65 ದಾಟಿದವರಲ್ಲಿ, ಗಂಡಸರಲ್ಲಿ, ಕೋರ್ಸ್ ಉದ್ದವಾದಾಗ ಈ ಮಾತ್ರೆಯಿಂದ ಯಕೃತ್ತಿಗೆ ಪೆಟ್ಟು ಬೀಳುವ ಸಂಭವ ಹೆಚ್ಚು. ಕಣ್ಣು ಹಳದಿ, ಮೂತ್ರ ಗಾಢ, ಮಲ ಬಿಳಿಚು, ದದ್ದೇ ಇಲ್ಲದೆ ಮೈಯೆಲ್ಲ ನವೆ: ಮಾತ್ರೆ ನಿಲ್ಲಿಸಿ ಕೆಲವು ವಾರಗಳಾದ ಮೇಲೂ ಇವು ಕಾಣಿಸಿಕೊಳ್ಳಬಹುದು. ಕಂಡರೆ ರಕ್ತ ಪರೀಕ್ಷೆ ತಡ ಮಾಡಬೇಡಿ.

ಹೆಜ್ಜೆ 7: ಬರೆದಿಡುವಾಗ ಒಂದೇ ಪದ ಸಾಲದು

ಪೆನಿಸಿಲಿನ್ ಅಲರ್ಜಿ ಎಂಬ ಹಣೆಪಟ್ಟಿ ಹೊತ್ತವರಲ್ಲಿ ಹತ್ತರಲ್ಲಿ ಒಂಬತ್ತು ಮಂದಿಗೆ ಪರೀಕ್ಷಿಸಿದಾಗ ಅಲರ್ಜಿ ಇರುವುದಿಲ್ಲ. ಬರೀ ಭೇದಿಯಾಗಿದ್ದಕ್ಕೂ ಚೀಟಿಯಲ್ಲಿ ಹಾಗೆ ಬರೆಸಿಕೊಂಡವರಿದ್ದಾರೆ. ಆಮೇಲೆ ಜೀವನಪೂರ್ತಿ ಅವರಿಗೆ ಎರಡನೇ ದರ್ಜೆಯ ಔಷಧಿಯೇ ಗತಿ. ಹೀಗೆ ಬರೆದಿಡಿ: ‘ಅಮಾಕ್ಸಿಸಿಲಿನ್–ಕ್ಲಾವುಲನೇಟ್ 625. ಆರನೇ ದಿನ ಬೆನ್ನಿನ ಮೇಲೆ ಚಪ್ಪಟೆ ಕೆಂಪು ದದ್ದು. ನವೆ ಅಲ್ಪ, ಊತವಿಲ್ಲ, ಉಸಿರು ಸರಿ. ನಾಲ್ಕು ದಿನಕ್ಕೆ ಹೋಯಿತು.’